ಸತ್ತ ಕೋಳಿಯ ಹೊಟ್ಟೆಯಲ್ಲಿ ಅರ್ಧ ಉತ್ತರ

ಐದು ಸಾವಿರ ಬ್ರಾಯ್ಲರ್ ಕೋಳಿಗಳಿರುವ ಶೆಡ್ಡಿನಲ್ಲಿ ಬೆಳಿಗ್ಗೆ ಎದ್ದು ನೋಡಿದಾಗ ನಾಲ್ಕೈದು ಸತ್ತು ಬಿದ್ದಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಆರು ವಾರದ ಬ್ಯಾಚಿನಲ್ಲಿ ನೂರಕ್ಕೆ ಮೂರರಿಂದ ಐದು ಕೋಳಿ ಹೋಗುವುದು ಈ ಕಸುಬಿನ ಲೆಕ್ಕದೊಳಗೇ ಇದೆ. ಸತ್ತವನ್ನು ಬಕೆಟ್ಟಿಗೆ ಹಾಕಿಕೊಂಡು ಹೋಗಿ ಗುಂಡಿಗೆ ಎಸೆದು, ಗೋಡೆಗೆ ನೇತುಹಾಕಿದ ಕಾರ್ಡಿನಲ್ಲಿ ಆ ದಿನದ ಅಂಕಿ ಬರೆದರೆ ಮುಗಿಯಿತು. ಅಂಕಿ ಏರತೊಡಗಿದಾಗ ಮಾತ್ರ ಮನೆಯಲ್ಲಿ ಊಟ ಸೇರುವುದಿಲ್ಲ. ನಾಲ್ಕು, ಒಂಬತ್ತು, ಇಪ್ಪತ್ತು, ನಲವತ್ತೈದು. ಮೊದಲ ಫೋನು ಹೋಗುವುದು ಸಾಮಾನ್ಯವಾಗಿ ಕಂಪನಿಯ ಸೂಪರ್‌ವೈಸರನಿಗೆ, ಇಲ್ಲವೇ ಔಷಧದ ಅಂಗಡಿಗೆ. ‘ಯಾಕೆ ಸಾಯುತ್ತಿವೆ’ ಎಂಬುದಕ್ಕಿಂತ ಮುಂಚೆ ‘ಏನು ಹಾಕಲಿ’ ಎಂಬ ಪ್ರಶ್ನೆ ಹೊರಟುಬಿಡುತ್ತದೆ. ನಮ್ಮ ಕೋಳಿ ಉದ್ಯಮದ ಬಹಳಷ್ಟು ನಷ್ಟಕ್ಕೆ ಈ ಎರಡು ಪ್ರಶ್ನೆಗಳು ಅದಲುಬದಲಾಗಿರುವುದೇ ಮೂಲ ಎಂದು ನನಗನ್ನಿಸುತ್ತದೆ.

ಕೋಳಿಯನ್ನು ಮುಟ್ಟುವ ಮೊದಲೇ ಆ ಕಾರ್ಡು ಒಂದಷ್ಟು ಹೇಳುತ್ತದೆ. ವೈರಸ್ ರೋಗ ನುಗ್ಗಿದಾಗ ಸಾವು ದಿನದಿಂದ ದಿನಕ್ಕೆ ಏರಿ, ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ; ಗಂಬೋರೊ ರೋಗದಲ್ಲಂತೂ ಈ ಏರಿಳಿತ ಒಂದು ವಾರದೊಳಗೆ ಮುಗಿದೇ ಹೋಗುತ್ತದೆ. ಹೊಸ ಲಾಟಿನ ಫೀಡ್ ಸುರಿದ ಒಂದೆರಡು ದಿನದಲ್ಲಿ, ಬೇರೆ ಬೇರೆ ವಯಸ್ಸಿನ ಕೋಳಿಗಳಿರುವ ಮೂರು ಶೆಡ್ಡುಗಳಲ್ಲೂ ಒಟ್ಟಿಗೆ ಸಾವು ಜಿಗಿದರೆ ಅನುಮಾನ ಸೋಂಕಿಗಿಂತ ಮೊದಲು ಮೇವಿನ ಮೇಲೆ ಹೋಗಬೇಕು. ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತು ಬೆಳಿಗ್ಗೆ ಇನ್ನೂರು ಸತ್ತಿದ್ದರೆ ರೋಗ ಹುಡುಕುವ ಕೆಲಸವೇ ಇಲ್ಲ. ಎಲ್ಲಿ ಸತ್ತವು ಎಂಬುದನ್ನೂ ಕೇಳಬೇಕು. ಒಂದೇ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ನಾಯಿಗೋ ಹಾವಿಗೋ ಬೆದರಿ, ಒಂದರ ಮೇಲೊಂದು ಏರಿ ಉಸಿರುಗಟ್ಟಿರುತ್ತವೆ. ಯಾವುವು ಸತ್ತವು? ಏಪ್ರಿಲ್ ಬಿಸಿಲಿಗೆ ಮೊದಲು ಹೋಗುವುದು ದಷ್ಟಪುಷ್ಟವಾಗಿ ಬೆಳೆದ ಕೋಳಿಗಳು. ಬಡಕಲು ಮರಿಗಳು ಮಾತ್ರ ಸಾಯುತ್ತಿದ್ದರೆ ಮೇವು, ನೀರು ಅವಕ್ಕೆ ಎಟುಕುತ್ತಿದೆಯೇ ಎಂದು ಬಗ್ಗಿ ನೋಡಬೇಕು.

ಮೊದಲ ವಾರದಲ್ಲೇ ಮರಿಗಳು ಸತ್ತು, ಹೊಟ್ಟೆಯೊಳಗಿನ ಹಳದಿ ಚೀಲ ಕರಗದೆ ನಾರುತ್ತಿದ್ದರೆ ಇನ್ನೊಂದು ವಿಚಾರಣೆ ಬೇಕು: ಅದೇ ಹ್ಯಾಚರಿಯಿಂದ ಅದೇ ದಿನ ಮರಿ ತಂದ ಬೇರೆ ಫಾರಂಗಳಲ್ಲಿ ಹೇಗಿದೆ? ಅಲ್ಲೂ ಹೀಗೇ ಇದ್ದರೆ ತಪ್ಪು ಹ್ಯಾಚರಿಯ ಕಡೆ. ಅಲ್ಲಿ ಮರಿಗಳು ಗೆಲುವಾಗಿದ್ದರೆ ಇಲ್ಲಿಯ ಬ್ರೂಡಿಂಗ್, ಅಂದರೆ ಮರಿಗಳಿಗೆ ಕಾವು ಕೊಡುವ ವ್ಯವಸ್ಥೆ, ನೋಡಬೇಕು. ಮರಿ ಬಂದ ಮೊದಲ ಎರಡು ರಾತ್ರಿ ಶೆಡ್ಡು ಸಾಕಷ್ಟು ಬೆಚ್ಚಗಿರಲಿಲ್ಲವೆಂದರೂ ಹೊಟ್ಟೆಯೊಳಗೆ ಕಾಣುವುದು ಅದೇ ಚೀಲ, ಅದೇ ವಾಸನೆ.

ಇಷ್ಟೆಲ್ಲ ಕೇಳಿಕೊಂಡ ಮೇಲೆ ಪೋಸ್ಟ್‌ಮಾರ್ಟಂ. ಶೆಡ್ಡಿನಿಂದ ದೂರ, ಗಾಳಿ ಬೀಸುವ ದಿಕ್ಕಿಗೆ ಕೆಳಗೆ, ಹಳೇ ಫೀಡ್ ಚೀಲ ಹಾಸಿ ಅದರ ಮೇಲೆ ಕೋಳಿ ಮಲಗಿಸುತ್ತಾರೆ. ಮೈಮೇಲೆ ಸೋಪಿನ ನೀರು ಸುರಿಯುವುದು ಮೊದಲ ಕೆಲಸ. ಪುಕ್ಕದ ಧೂಳು ಹಾರಿ ಮೂಗಿಗೆ ಬರಬಾರದು. ತೊಡೆಯ ಬುಡದಲ್ಲಿ ಚರ್ಮ ಸೀಳಿ, ಎರಡೂ ಕಾಲುಗಳನ್ನು ಹಿಂದಕ್ಕೆ ಒತ್ತಿದರೆ ‘ಟಕ್’ ಎಂದು ಕೀಲು ಕಳಚಿ ಕೋಳಿ ಅಂಗಾತ ಸಮನಾಗಿ ಮಲಗುತ್ತದೆ. ಎದೆಯ ಚರ್ಮವನ್ನು ಕೈಯಿಂದಲೇ ಸುಲಿಯಬಹುದು. ಮಾಂಸ ಒಣಗಿ ಕಪ್ಪಾಗಿದ್ದರೆ ನೀರು ಕುಡಿಯದೆ ಸತ್ತಿದೆ; ಎದೆಯಲ್ಲೂ ತೊಡೆಯಲ್ಲೂ ರಕ್ತದ ಗೀರುಗಳಿದ್ದರೆ ಗಂಬೋರೊ ಇರಬಹುದು. ಆಮೇಲೆ ಕತ್ತರಿಯಿಂದ ಪಕ್ಕೆಲುಬು ಕತ್ತರಿಸಿ ಎದೆಗೂಡು ಎತ್ತುತ್ತಾರೆ. ಕೋಳಿಗೆ ಶ್ವಾಸಕೋಶದ ಜತೆಗೆ ಮೈಯೊಳಗೆಲ್ಲ ಗಾಳಿಚೀಲಗಳಿವೆ. ಆರೋಗ್ಯವಂತ ಕೋಳಿಯಲ್ಲಿ ಅವು ಇವೆಯೆಂದೇ ತಿಳಿಯದಷ್ಟು ತೆಳು, ಪಾರದರ್ಶಕ. ಅಲ್ಲಿ ಮಂಜು ಕವಿದಂತಿದ್ದರೆ, ಹಳದಿ ಗರಣೆ ಕಟ್ಟಿದ್ದರೆ ಉಸಿರಾಟದ ರೋಗ ಕೆಲ ದಿನಗಳಿಂದಲೇ ಇತ್ತೆಂದು ಅರ್ಥ. ಗ್ರಂಥಿಜಠರವನ್ನು ಸೀಳಿ ನೀರಿನಲ್ಲಿ ತೊಳೆದಾಗ ಒಳಗೋಡೆಯ ಸಣ್ಣ ಗುಬುಟುಗಳ ತುದಿಯಲ್ಲಿ ರಕ್ತದ ಚುಕ್ಕೆಗಳು ಕಂಡರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಕರುಳನ್ನು ಉದ್ದಕ್ಕೂ ಬಿಡಿಸಬೇಕು. ಕೊನೆಯ ಕುರುಡು ಕರುಳಿನ ಜೋಡಿ ಚೀಲಗಳಲ್ಲಿ ರಕ್ತ ತುಂಬಿದ್ದರೆ ಅದು ಕಾಕ್ಸಿಡಿಯಾ, ರೈತರು ಹೇಳುವ ರಕ್ತಭೇದಿ. ಎಲ್ಲ ಮುಗಿದ ಮೇಲೆ ತೊಡೆಯ ಸ್ನಾಯು ಬಿಡಿಸಿ ನರ ನೋಡುವುದನ್ನು ಅವಸರದವರು ಬಿಟ್ಟುಬಿಡುತ್ತಾರೆ. ಒಂದು ಕಾಲಿನ ನರ ಇನ್ನೊಂದಕ್ಕಿಂತ ದಪ್ಪವಾಗಿದ್ದರೆ ಮಾರೆಕ್ಸ್ ರೋಗ ಎಂಬುದು ಅಲ್ಲೇ ಗೊತ್ತಾಗುತ್ತಿತ್ತು.

ಇದಕ್ಕೆ ಕೋಳಿ ಹೊಸದಾಗಿ ಸತ್ತಿರಬೇಕು. ನಮ್ಮ ಸೆಕೆಯಲ್ಲಿ ನಾಲ್ಕೈದು ಗಂಟೆ ಬಿಟ್ಟರೆ ಹೊಟ್ಟೆಯೊಳಗೆಲ್ಲ ಹಸಿರುಗಟ್ಟಿ, ಇದ್ದ ಗುರುತೂ ಅಳಿದು ಇಲ್ಲದ್ದು ಕಾಣುತ್ತದೆ. ಒಂದೇ ಕೋಳಿ ಕೊಯ್ದು ತೀರ್ಪು ಕೊಡುವಂತೆಯೂ ಇಲ್ಲ. ಪ್ರತಿ ಶೆಡ್ಡಿನಲ್ಲೂ ಏನೇ ಆದರೂ ಸಾಯುವ ಕೆಲವು ಬಡಕಲು ಕೋಳಿಗಳಿರುತ್ತವೆ. ಕೈಗೆ ಸಿಕ್ಕಿದ್ದು ಅದಾದರೆ ಶೆಡ್ಡಿನ ರೋಗ ಬಿಟ್ಟು ಅದರ ರೋಗ ಸಿಗುತ್ತದೆ. ಆದ್ದರಿಂದ ಬಲ್ಲವರು ನಾಲ್ಕೈದು ಕೋಳಿ ಕೊಯ್ಯುತ್ತಾರೆ, ಅದರಲ್ಲಿ ಒಂದೆರಡಾದರೂ ಈಗಷ್ಟೇ ಮಂಕಾಗಿ ಕೂತ, ಇನ್ನೂ ಜೀವವಿರುವ ಕೋಳಿಯಾಗಿರುವಂತೆ ನೋಡಿಕೊಳ್ಳುತ್ತಾರೆ.

ಹೀಗೆ ಕೊಯ್ದಾಗ ಅತಿ ಹೆಚ್ಚು ಕಾಣುವುದು ಹೃದಯದ ಮೇಲೂ ಲಿವರಿನ ಮೇಲೂ ಕಟ್ಟಿದ ಹಳದಿ ಪೊರೆ. ಅದರ ಕೆಳಗಿನಿಂದ ತೆಗೆದ ಸ್ವಾಬನ್ನು ಲ್ಯಾಬಿನಲ್ಲಿ ಬೆಳೆಸಿದರೆ ಈ ಕೋಲಿ ಬ್ಯಾಕ್ಟೀರಿಯಾ ಬರುತ್ತದೆ. ವರದಿಯಲ್ಲಿ ‘ಈ ಕೋಲಿ’ ಎಂದು ಬರೆಯುತ್ತಾರೆ, ಆ್ಯಂಟಿಬಯೋಟಿಕ್ ಬರೆಯುತ್ತಾರೆ, ಎಲ್ಲರಿಗೂ ಸಮಾಧಾನ. ಆದರೆ ಈ ಕೋಲಿ ಪ್ರತಿ ಕೋಳಿಯ ಕರುಳಿನಲ್ಲೂ, ನೆಲಕ್ಕೆ ಹಾಸುವ ಪ್ರತಿ ಹಿಡಿ ಲಿಟ್ಟರಿನಲ್ಲೂ ಇದ್ದೇ ಇರುತ್ತದೆ. ಅದು ರಕ್ತಕ್ಕೆ ಇಳಿದದ್ದು ಹೇಗೆ ಎಂಬುದೇ ಪ್ರಶ್ನೆ. ಕೋಳಿಯ ಶ್ವಾಸನಾಳದ ಒಳಗೋಡೆಯಲ್ಲಿ ಧೂಳನ್ನೂ ರೋಗಾಣುವನ್ನೂ ಹೊರಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಒದ್ದೆ ಲಿಟ್ಟರಿನಿಂದ ಏಳುವ ಅಮೋನಿಯಾ ಈ ರೋಮಗಳನ್ನು ಸುಡುತ್ತದೆ. ಮೈಕೋಪ್ಲಾಸ್ಮಾ, ಬ್ರಾಂಕೈಟಿಸ್ ವೈರಸ್, ಕೆಲವೊಮ್ಮೆ ಕೊಕ್ಕರೆ ರೋಗದ ಜೀವಂತ ಲಸಿಕೆಯ ಪ್ರತಿಕ್ರಿಯೆ, ಯಾವುದಾದರೂ ಅವನ್ನು ಕೆಡಿಸಬಹುದು. ಬಾಗಿಲು ತೆರೆದವರು ಬೇರೆ, ಒಳಗೆ ಸಿಕ್ಕಿಬಿದ್ದವನು ಬೇರೆ. ಅಮೋನಿಯಾದ ವಿಷಯದಲ್ಲಿ ಇನ್ನೊಂದು ತೊಡಕಿದೆ. ದಿನವಿಡೀ ಶೆಡ್ಡಿನಲ್ಲೇ ಇರುವವರ ಮೂಗಿಗೆ ಅದು ರೂಢಿಯಾಗಿಬಿಡುತ್ತದೆ. ಹೊರಗಿನಿಂದ ಬಂದವರ ಕಣ್ಣು ಉರಿದರೆ ‘ಏನೂ ಇಲ್ಲ ಸಾರ್, ಸ್ವಲ್ಪ ವಾಸನೆ’ ಎನ್ನುತ್ತಾರೆ. ನಿಂತು ಮೂಸಿ ಪ್ರಯೋಜನವಿಲ್ಲ, ಮೊಣಕಾಲೂರಿ ಕೋಳಿಯ ತಲೆಯ ಮಟ್ಟಕ್ಕೆ ಬಗ್ಗಿ ಉಸಿರೆಳೆಯಬೇಕು. ಮಳೆಗಾಲದಲ್ಲಿ ಪರದೆ ಬಿಟ್ಟ ಶೆಡ್ಡಿನಲ್ಲಿ ಒಮ್ಮೆ ಹಾಗೆ ಮಾಡಿ ನೋಡಿದವರು ಮರೆಯುವುದಿಲ್ಲ.

ಹೊಟ್ಟೆ ತೋರಿಸುವುದು ಏನಾಯಿತು ಎಂಬುದನ್ನು. ಯಾಕಾಯಿತು ಎಂಬುದನ್ನು ಅದೊಂದೇ ಹೇಳಲಾರದು ಎಂಬುದಕ್ಕೆ ಗೌಟ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಐದಾರು ದಿನದ ಮರಿ ಕೊಯ್ದರೆ ಹೃದಯ, ಲಿವರ್ ಎಲ್ಲದರ ಮೇಲೂ ಸುಣ್ಣ ಬಳಿದಂತೆ ಬಿಳಿ ಪುಡಿ. ನೋಡಿದವರು ಯಾರೂ ತಪ್ಪು ಹೇಳುವಂತಿಲ್ಲ, ಅಷ್ಟು ಸ್ಪಷ್ಟ. ಅದು ಯೂರಿಕ್ ಆಮ್ಲದ ಲವಣ. ಕೋಳಿಗೆ ನಮ್ಮಂತೆ ಯೂರಿಯಾ ಆಗುವುದಿಲ್ಲ. ಪ್ರೋಟೀನಿನ ಕಸವೆಲ್ಲ ಯೂರಿಕ್ ಆಮ್ಲವಾಗಿ ಕಿಡ್ನಿಯ ಮೂಲಕ ಹೋಗಬೇಕು. ಹಿಕ್ಕೆಯ ಮೇಲಿನ ಬಿಳಿ ಭಾಗ ಅದೇ. ಕಿಡ್ನಿ ಕೈಕೊಟ್ಟರೆ ಅದು ರಕ್ತದಲ್ಲೇ ಉಳಿದು ಅಂಗಗಳ ಮೇಲೆ ಕೂರುತ್ತದೆ. ಹಾಗಾದರೆ ಕಿಡ್ನಿ ಕೈಕೊಟ್ಟಿದ್ದು ಯಾಕೆ? ಪಟ್ಟಿ ಉದ್ದವಿದೆ. ಮರಿಗಳ ಫೀಡಿನಲ್ಲಿ ಮೊಟ್ಟೆಕೋಳಿಗೆ ಹಾಕುವಷ್ಟು ಸುಣ್ಣದಂಶ ಸೇರಿರಬಹುದು, ಉಪ್ಪು ಅಥವಾ ಸೋಡಾ ಹೆಚ್ಚಾಗಿರಬಹುದು, ಬೂಷ್ಟು ಹಿಡಿದ ಧಾನ್ಯದ ವಿಷವಿರಬಹುದು, ಕಿಡ್ನಿಗೇ ಹತ್ತುವ ಬ್ರಾಂಕೈಟಿಸ್ ತಳಿ ಇರಬಹುದು. ಎಲ್ಲಕ್ಕಿಂತ ಸಾದಾ ಕಾರಣವೂ ಒಂದಿದೆ, ಬಾಯಾರಿಕೆ. ಇಂಥ ಫಾರಂಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ:

‘ನೀರು ಸರಿಯಾಗಿ ಕೊಟ್ಟಿದ್ರೇನ್ರೀ?’

‘ನೀರಿಗೇನ್ ಕಮ್ಮಿ ಸಾರ್, ಬೋರು ಚೆನ್ನಾಗಿದೆ, ಟ್ಯಾಂಕ್ ತುಂಬಿದೆ.’

‘ಟ್ಯಾಂಕ್ ಬಿಡಿ. ನಿಪ್ಪಲ್ ಎತ್ತರ ಯಾರು ನೋಡಿದ್ದು?’

‘...ಹಳೇ ಬ್ಯಾಚಿಂದು ಹಾಗೇ ಇತ್ತು ಸಾರ್.’

ಹಳೆಯ ಬ್ಯಾಚು ಹೋಗುವಾಗ ಅದರಲ್ಲಿದ್ದದ್ದು ಎರಡು ಕಿಲೋ ತೂಗುವ ಕೋಳಿಗಳು; ನೀರಿನ ಪೈಪಿನ ಆ ಎತ್ತರದ ನಿಪ್ಪಲ್ಲಿಗೆ ನಲವತ್ತು ಗ್ರಾಂನ ಮರಿ ಕತ್ತು ಚಾಚಿದರೂ ಎಟುಕದು. ಆಗ ಔಷಧದಂಗಡಿಯ ಕಿಡ್ನಿ ಟಾನಿಕ್ಕು ಯಾವ ಕೆಲಸಕ್ಕೂ ಬಾರದು, ಪೈಪನ್ನು ಕೆಳಗಿಳಿಸಿದರೆ ಸಾಕು.

ಆದರೆ 2011–12ರ ಸುಮಾರಿಗೆ ದೇಶದ ಹಲವೆಡೆ ಬ್ರಾಯ್ಲರ್ ಮರಿಗಳು ಗೌಟ್‌ನಿಂದ ಸಾಲುಸಾಲಾಗಿ ಸತ್ತಾಗ ನೀರು, ಸುಣ್ಣ, ಉಪ್ಪು ಎಲ್ಲ ತಪಾಸಣೆಯಾದರೂ ಗುಟ್ಟು ಬಿಡಲಿಲ್ಲ. ಕೊನೆಗೆ ಸತ್ತ ಮರಿಗಳ ಕಿಡ್ನಿಯಿಂದ ಕೋಳಿಯ ಆಸ್ಟ್ರೋವೈರಸ್ ಬೇರ್ಪಡಿಸಿ, ಅದನ್ನು ಆರೋಗ್ಯವಂತ ಮರಿಗಳಿಗೆ ಕೊಟ್ಟು, ಅವುಗಳಲ್ಲೂ ಗೌಟ್ ಬರುವುದನ್ನು ತೋರಿಸಿದ ಭಾರತದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಕರುಳಿನ ಸಣ್ಣಪುಟ್ಟ ತೊಂದರೆಯ ವೈರಸ್ ಎಂದು ಪಕ್ಕಕ್ಕಿಟ್ಟಿದ್ದ ಗುಂಪು ಅದು. ಅಂದರೆ ಗೌಟ್ ಕಂಡಾಗಲೆಲ್ಲ ಇನ್ನು ಮೇಲೆ ಆಸ್ಟ್ರೋವೈರಸ್ ಎನ್ನಬೇಕೇ? ಹಾಗೂ ಇಲ್ಲ. ನಿಪ್ಪಲ್ ಎತ್ತರವನ್ನು ಈಗಲೂ ಮೊದಲು ನೋಡಬೇಕು.

ಹುಡುಕಾಟ ತಪ್ಪು ದಿಕ್ಕಿನಲ್ಲಿ ಹೊರಟು ಸರಿಯಾದಲ್ಲಿಗೆ ಬಂದ ಕತೆಗಳು ಈ ವಿದ್ಯೆಯಲ್ಲಿ ಬಹಳ. 1987ರಲ್ಲಿ ಪಾಕಿಸ್ತಾನದ ಕರಾಚಿ ಬಳಿಯ ಅಂಗಾರಾ ಗೋಠ್ ಎಂಬಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ, ಮೂರು ವಾರ ದಾಟಿದ ಬ್ರಾಯ್ಲರುಗಳು ಏಕಾಏಕಿ ಸಾಯತೊಡಗಿದವು. ಕೊಯ್ದರೆ ಹೃದಯದ ಸುತ್ತಲಿನ ಚೀಲದ ತುಂಬ ತಿಳಿ ಹಳದಿ ನೀರು, ಅದರ ನಡುವೆ ತೇಲುವ ಹೃದಯ. ಮೇವಿನ ವಿಷವಿರಬೇಕೆಂಬುದು ಮೊದಲ ಊಹೆ, ಅದೇನೂ ಹುಚ್ಚು ಊಹೆಯಲ್ಲ. 1957ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಬ್ರಾಯ್ಲರುಗಳು ಹೀಗೇ ಮೈಯೊಳಗೆ ನೀರು ತುಂಬಿ ಸತ್ತಿದ್ದವು. ಫೀಡಿಗೆ ಬೆರೆಸಿದ ಕೊಬ್ಬಿನಲ್ಲಿದ್ದ ಡಯಾಕ್ಸಿನ್ ಅದಕ್ಕೆ ಕಾರಣವೆಂದು ವರ್ಷಗಳ ಮೇಲೆ ಗೊತ್ತಾಗಿತ್ತು. ಪುಸ್ತಕ ಓದಿದವರಿಗೆ ಹಳೆಯ ಆ ಚಿತ್ರವೇ ಕಣ್ಣ ಮುಂದೆ ಬಂದಿರಬೇಕು.

ಮೇವನ್ನು ಬದಲಾಯಿಸಿದರೂ ಸಾವು ನಿಲ್ಲಲಿಲ್ಲ. ರೋಗ ಫಾರಂನಿಂದ ಫಾರಂಗೆ ನಡೆದುಕೊಂಡು ಹೋಯಿತು. ವಿಷ ಹಾಗೆ ನಡೆಯುವುದಿಲ್ಲ. ಸತ್ತ ಕೋಳಿಯ ಲಿವರನ್ನು ಅರೆದು, ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಸೋಸಿ, ಆ ರಸವನ್ನು ಆರೋಗ್ಯವಂತ ಕೋಳಿಗೆ ಚುಚ್ಚಿದಾಗ ಅದರ ಹೃದಯದ ಸುತ್ತಲೂ ನೀರು ತುಂಬಿತು. ಸೋಸುಕ ದಾಟಿದ್ದು ಅಡಿನೋವೈರಸ್, ಅದರ ನಾಲ್ಕನೇ ಬಗೆ. ವೈರಸ್ಸಿನ ಹೆಸರು ಇತ್ಯರ್ಥವಾಗುವ ಮುಂಚೆಯೇ ಒಂದು ನಾಟಿ ಉಪಾಯ ಚಾಲ್ತಿಗೆ ಬಂದಿತ್ತು: ರೋಗಿ ಕೋಳಿಯ ಲಿವರ್ ಅರೆದು ಫಾರ್ಮಲಿನ್‌ನಿಂದ ಕೊಂದು ಅದನ್ನೇ ಲಸಿಕೆಯಾಗಿ ಕೊಡುವುದು. ಅದು ಕೆಲಸ ಮಾಡಿತು, ಮಾಡಿದ್ದೇ ಇದು ಸೋಂಕು ಎಂಬುದಕ್ಕೆ ಇನ್ನೊಂದು ಸಾಕ್ಷಿಯಾಯಿತು. ರೋಗ ಗಡಿ ದಾಟಿ 1994ರ ಹೊತ್ತಿಗೆ ಜಮ್ಮು-ಕಾಶ್ಮೀರ, ಪಂಜಾಬ್, ದೆಹಲಿಗಳಿಗೆ ಬಂದಾಗ ಉತ್ತರದವರು ಸಿಪ್ಪೆ ಸುಲಿದ ಲಿಚಿ ಹಣ್ಣಿನ ಹೋಲಿಕೆ ಕಂಡು ಇದನ್ನು ಲಿಚಿ ಹಾರ್ಟ್ ಎಂದು ಕರೆದರು.

ಇದಕ್ಕೆ ಸರಿಯಾಗಿ ತಿರುವುಮುರುವಾದದ್ದು ಇಂಗ್ಲೆಂಡಿನಲ್ಲಿ, 1960ರಲ್ಲಿ. ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗಾಣುವೂ ಕೈಗೆ ಸಿಗದ್ದರಿಂದ ಅದಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂದೇ ಹೆಸರಿಟ್ಟರು. ಇಲ್ಲಿ ದಾರಿ ತೋರಿಸಿದ್ದು ನಕ್ಷೆ ಮತ್ತು ಬಿಲ್ಲು: ಸತ್ತ ಕೋಳಿಗಳಿಗೆಲ್ಲ ಮೇವು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋದರೆ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಗೆ ಹೋಗಿ ಮುಟ್ಟುತ್ತಿತ್ತು. ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು, ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್. ನೇರಳಾತೀತ ಬೆಳಕಿನಡಿ ಅದು ನೀಲಿಯಾಗಿ, ಹಸಿರಾಗಿ ಹೊಳೆಯುತ್ತದೆ. ಬಿ ಮತ್ತು ಜಿ ಎಂಬ ಅದರ ಬಗೆಗಳ ಹೆಸರು ಆ ಬಣ್ಣಗಳಿಂದ ಬಂದದ್ದು. ಅತಿ ಅಲ್ಪ ಪ್ರಮಾಣಕ್ಕೂ ಲಿವರ್ ಕೆಡುವುದು ಬಾತುಮರಿಗೆ ಎಂದು ಕಂಡುಕೊಂಡು, ಮೇವು ಪರೀಕ್ಷೆಗೆ ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದ ಕಾಲವೂ ಇತ್ತು. ಈ ಪತ್ತೆಯಾಗಿ ಹೆಚ್ಚು ವರ್ಷ ಕಳೆಯುವ ಮುನ್ನ, 1960ರ ದಶಕದಲ್ಲೇ, ಆಗಿನ ಮೈಸೂರು ರಾಜ್ಯದಲ್ಲೂ ಕೋಳಿಮರಿಗಳ ಸಾವಿಗೆ ಬೂಷ್ಟಿನ ಕಡಲೆಕಾಯಿ ಹಿಂಡಿ ಕಾರಣವೆಂದು ವರದಿಯಾಯಿತು.

ಇಂದು ನಮ್ಮ ಕೋಳಿ ಮೇವಿನ ಬಹುಪಾಲು ಮೆಕ್ಕೆಜೋಳ ಮತ್ತು ಸೋಯಾ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ, ರಸ್ತೆಯ ಮೇಲೆ ಹರಡಿದ ಕಾಳು ಸರಿಯಾಗಿ ಒಣಗದೆ ಚೀಲ ಸೇರುತ್ತದೆ. ಬೂಷ್ಟು ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಕೋಳಿ ಸಾಯಲೂಬೇಕೆಂದಿಲ್ಲ. ವಿಷ ಕಡಿಮೆಯಿದ್ದರೆ ಲಿವರ್ ತುಸು ಮಾಸಲು, ತೂಕ ತುಸು ಕಡಿಮೆ, ಹಾಕಿದ ಲಸಿಕೆ ತುಸು ಸಡಿಲ. ಎರಡು ತಿಂಗಳ ಮೇಲೆ ಕೊಕ್ಕರೆ ರೋಗ ಬಂದಾಗ ಬೈಗುಳ ತಿನ್ನುವುದು ಲಸಿಕೆಯ ಕಂಪನಿ.

ಮೇವೋ ರೋಗಾಣುವೋ ಎಂಬ ಈ ಜಗ್ಗಾಟದಲ್ಲಿ ಅತ್ಯಂತ ಹಳೆಯ, ನನಗೆ ಅತ್ಯಂತ ಇಷ್ಟವಾದ ಪ್ರಸಂಗ ಕ್ರಿಸ್ಟಿಯಾನ್ ಐಕ್‌ಮನ್‌ನದು. ಡಚ್ಚರ ಬಟಾವಿಯಾದಲ್ಲಿ, ಈಗಿನ ಜಕಾರ್ತದಲ್ಲಿ, ಆತ ಬೆರಿಬೆರಿ ರೋಗದ ಸೂಕ್ಷ್ಮಾಣು ಹುಡುಕಲು ಕೋಳಿ ಇಟ್ಟುಕೊಂಡಿದ್ದ. ಕೋಳಿಗಳ ಕಾಲು ಸೋತು ಕತ್ತು ವಾಲತೊಡಗಿತು. ಚುಚ್ಚಿದ್ದಕ್ಕೂ ಚುಚ್ಚದ್ದಕ್ಕೂ ಒಂದೇ ಪಾಡು. ಇದ್ದಕ್ಕಿದ್ದಂತೆ ಎಲ್ಲ ವಾಸಿಯೂ ಆದವು. ವಿಚಾರಿಸಿದರೆ, ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಪಾಲಿಷ್ ಅಕ್ಕಿಯ ಅನ್ನ ಬರುತ್ತಿತ್ತು; ಹೊಸದಾಗಿ ಬಂದ ಅಡುಗೆಯವನು ಮಿಲಿಟರಿ ಅಕ್ಕಿಯನ್ನು ಸಿವಿಲಿಯನ್ ಕೋಳಿಗಳಿಗೆ ಕೊಡುವುದಿಲ್ಲವೆಂದು ನಿಲ್ಲಿಸಿದ್ದ. ತೌಡಿನಲ್ಲಿರುವುದು ಪಾಲಿಷ್ ಅಕ್ಕಿಯಲ್ಲಿಲ್ಲ ಎಂಬಲ್ಲಿಂದ ವಿಟಮಿನ್‌ಗಳ ವಿಜ್ಞಾನವೇ ಹೊರಟಿತು, 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಪಾಲು ಬಂತು. ಅಡುಗೆಯವನ ಹೆಸರು ಯಾವ ಪಾಠದಲ್ಲೂ ನನಗೆ ಸಿಕ್ಕಿಲ್ಲ.

ಕೋಳಿ ಮನುಷ್ಯರಿಗೆ ಕಲಿಸಿದ್ದು ಅದೊಂದೇ ಅಲ್ಲ. ಕೋಳಿಯ ಮಲದ್ವಾರದ ಮೇಲ್ಗಡೆ ಬರ್ಸಾ ಎಂಬ ಸಣ್ಣ ಚೀಲವಿದೆ. ಅದನ್ನು ವಿವರಿಸಿದ್ದು ಇಟಲಿಯ ಪಡುವಾದಲ್ಲಿದ್ದ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರಿಷಿಯಸ್. ಆಮೇಲೆ ಮೂರು ಶತಮಾನ ಕಳೆದರೂ ಅದರ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಬರ್ಸಾ ತೆಗೆದ ಕೋಳಿಗಳನ್ನು ಸಾಕಿದ್ದ. ಸಹಪಾಠಿ ಟಿಮೊತಿ ಚಾಂಗ್ ತರಗತಿಯಲ್ಲಿ ಪ್ರತಿಕಾಯ ಹುಟ್ಟುವುದನ್ನು ತೋರಿಸಲು ಕೋಳಿ ಬೇಕೆಂದು ಅವನ್ನೇ ಎರವಲು ಪಡೆದ. ಪ್ರಯೋಗ ಕೈಕೊಟ್ಟಿತು, ಬರ್ಸಾ ಇಲ್ಲದವುಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. 1956ರಲ್ಲಿ ‘ಪೌಲ್ಟ್ರಿ ಸೈನ್ಸ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಇಂದು ನಮ್ಮ ನಿಮ್ಮ ರಕ್ತಪರೀಕ್ಷೆಯಲ್ಲಿ ಹೇಳುವ ಬಿ ಕೋಶದ ಬಿ ಆ ಬರ್ಸಾದ್ದು.

ಗಂಬೋರೊ ವೈರಸ್ ಬಂದು ಕೂರುವುದು ಅಲ್ಲೇ. 1962ರಲ್ಲಿ ಅಮೆರಿಕದ ಡೆಲವೇರಿನ ಗಂಬೋರೊ ಎಂಬ ಊರಿನ ಹೆಸರಲ್ಲಿ ವರದಿಯಾದ ಈ ರೋಗ, 1990ರ ದಶಕದ ಆರಂಭದಲ್ಲಿ ಅತ್ಯುಗ್ರ ರೂಪದಲ್ಲಿ ನಮ್ಮಲ್ಲಿಗೆ ಬಂದಾಗ ಫಾರಂಗಳೇ ಖಾಲಿಯಾದವು. ಕೊಲ್ಲುವ ಗಂಬೋರೊ ಎಲ್ಲರಿಗೂ ಕಾಣುತ್ತದೆ. ಎರಡು-ಮೂರು ವಾರದೊಳಗಿನ ಮರಿಗೆ ತಗಲಿ, ಏನೂ ಆಗದಂತೆ ಹೋಗಿ, ಬರ್ಸಾವನ್ನು ಮಾತ್ರ ಕುಗ್ಗಿಸಿ ಬಿಡುವ ಗಂಬೋರೊ ಕಾಣುವುದೇ ಇಲ್ಲ. ಅಂಥ ಕೋಳಿಗೆ ಇಪ್ಪತ್ತೊಂದನೇ ದಿನ ಕೊಕ್ಕರೆ ರೋಗದ ಲಸೋಟಾ ಲಸಿಕೆ ಕುಡಿಸಿದರೆ ಕಾರ್ಡಿನಲ್ಲಿ ಟಿಕ್ ಬೀಳುತ್ತದೆ, ರಕ್ತದಲ್ಲಿ ಏನೂ ಆಗುವುದಿಲ್ಲ. ಆಮೇಲೆ ಕೊಕ್ಕರೆ ರೋಗವೋ, ಈ ಕೋಲಿಯೋ, ಲಿಚಿ ಹಾರ್ಟೋ ಬಂದು ಹೆಸರು ಪಡೆಯುತ್ತದೆ.

ಲಸಿಕೆ ವಿಫಲವಾಯಿತು ಎನ್ನುವ ಮೊದಲು ಇನ್ನೂ ಹಲವು ಸಾದಾ ಪ್ರಶ್ನೆಗಳಿವೆ. ಬಸ್ಸಿನಲ್ಲಿ ಬಂದ ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಉಳಿದಿತ್ತೇ? ಟ್ಯಾಂಕಿಗೆ ಕ್ಲೋರಿನ್ ಹಾಕಿದ ದಿನವೇ ಲಸಿಕೆ ಬೆರೆಸಿದರೇ? ನೀರಿಗೆ ಹಾಲಿನ ಪುಡಿ ಕಲಸಿದರೇ? ತಾಯಿಕೋಳಿಯಿಂದ ಬಂದ ಪ್ರತಿಕಾಯ ಮರಿಯಲ್ಲಿ ಇನ್ನೂ ಗಟ್ಟಿಯಾಗಿದ್ದಾಗಲೇ ಕೊಟ್ಟರೆ ಅದೇ ಪ್ರತಿಕಾಯ ಲಸಿಕೆಯನ್ನು ಕೊಲ್ಲುತ್ತದೆ. ಹತ್ತಿಪ್ಪತ್ತು ಕೋಳಿಗಳ ರಕ್ತ ತೆಗೆದು ಪ್ರತಿಕಾಯದ ಮಟ್ಟ ಅಳೆದರೆ ಇದೆಲ್ಲ ತಿಳಿಯುತ್ತದೆ. ಆ ಖರ್ಚು ಒಂದು ಕೋರ್ಸ್ ಆ್ಯಂಟಿಬಯೋಟಿಕ್ಕಿಗಿಂತ ಹೆಚ್ಚೇನೂ ಆಗದು.

ಆದರೂ ಆ್ಯಂಟಿಬಯೋಟಿಕ್ಕೇ ಗೆಲ್ಲುತ್ತದೆ, ಅದಕ್ಕೂ ಒಂದು ಕಾರಣವಿದೆ. ಗಂಬೋರೊದಂಥ ರೋಗದಲ್ಲಿ ಸಾವು ತಾನಾಗಿಯೇ ಇಳಿಯುತ್ತದೆ ಎಂದೆನಲ್ಲ. ಮೂರನೇ ದಿನ ನೀರಿಗೆ ಪುಡಿ ಕಲಸುತ್ತಾರೆ, ಐದನೇ ದಿನ ಸಾವು ಇಳಿಯುತ್ತದೆ, ಕೀರ್ತಿ ಪುಡಿಗೆ. ಮುಂದಿನ ಬ್ಯಾಚಿಗೆ ಮೊದಲ ದಿನವೇ ಅದನ್ನು ಕಲಸುತ್ತಾರೆ. ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ. ಪುಡಿ ಹಾಕಿದ ಮೇಲೆ ಕಳಿಸಿದ ಸ್ವಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆಯೂ ಸಾಧ್ಯವಾಗುವುದಿಲ್ಲ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡಿರುವ ಕೊಲಿಸ್ಟಿನ್ನನ್ನು ಕೋಳಿ ಸಾಕಣೆಯಲ್ಲಿ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಗಿ ಬಂತೆಂದರೆ ಈ ರೂಢಿ ಎಲ್ಲಿಗೆ ಮುಟ್ಟಿತ್ತು ನೋಡಿ. ಕಾರಣ ಹುಡುಕಲು ಇನ್ನೊಂದು ಅಡ್ಡಿಯೂ ಇದೆ. ಕಾಂಟ್ರಾಕ್ಟ್ ಸಾಕಣೆಯಲ್ಲಿ ಮರಿ, ಫೀಡ್, ಔಷಧ ಕಂಪನಿಯದು. ಶೆಡ್ಡು, ಕರೆಂಟು, ಕೂಲಿ ರೈತನದು. ಫೀಡ್ ಕೆಟ್ಟಿದೆಯೇ ಎಂದು ಪರೀಕ್ಷಿಸಬೇಕಾದವರೇ ಫೀಡ್ ಕೊಟ್ಟವರು. ರೈತ ಕೇಳುವುದು ಕಷ್ಟ, ಕೇಳಿದರೆ ಮುಂದಿನ ಬ್ಯಾಚು ತಡವಾದೀತೆಂಬ ಅಳುಕು. ಸಾವಿನ ಕಾರಣ ಯಾರ ಕಡೆ ಬೀಳುತ್ತದೆ ಎಂಬುದರ ಮೇಲೆ ಕಂಪನಿ ರೈತನಿಗೆ ಕೊಡುವ ಗ್ರೋಯಿಂಗ್ ಚಾರ್ಜು ನಿಂತಿರುವಾಗ ತನಿಖೆ ಬರೀ ವಿಜ್ಞಾನದ ವಿಷಯವಾಗಿ ಉಳಿಯುವುದಿಲ್ಲ.

ಲ್ಯಾಬಿಗೆ ಕಳಿಸುವವರು ನೆನಪಿಡಬೇಕಾದದ್ದು ಬಹಳವಿಲ್ಲ. ಸತ್ತ ಕೋಳಿಯನ್ನು ಐಸಿನ ಜತೆ ಡಬ್ಬಿಯಲ್ಲಿಡಿ, ಫ್ರೀಜರಿನಲ್ಲಿ ಬೇಡ. ಗಡ್ಡೆ ಕಟ್ಟಿ ಕರಗಿದ ಅಂಗಾಂಶ ಸೂಕ್ಷ್ಮದರ್ಶಕದಡಿ ನೋಡಲು ಬಾರದು. ಅಂಗಗಳ ತೆಳು ತುಂಡುಗಳನ್ನು ಬೇರೆ ಬಾಟಲಿಯಲ್ಲಿ ಫಾರ್ಮಲಿನ್‌ಗೆ ಹಾಕಿ. ವಯಸ್ಸು, ದಿನವಾರು ಸಾವು, ಲಸಿಕೆ, ಔಷಧ, ಫೀಡಿನ ಲಾಟು ಬರೆದ ಚೀಟಿ ಜತೆಗಿರಲಿ. ಚೀಟಿಯಿಲ್ಲದೆ ಬಂದ ಕೋಳಿಯಿಂದ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯವಾಗಲಿ ಬೇರೆ ಯಾವುದಾಗಲಿ ಹೆಚ್ಚಿನದನ್ನು ಹೇಳಲಾಗದು.

ಒಂದು ಸಂದರ್ಭದಲ್ಲಿ ಮಾತ್ರ ಕತ್ತರಿ ಕೆಳಗಿಡಬೇಕು. ಜುಟ್ಟು ನೀಲಿಗಟ್ಟಿ, ಮುಖ ಊದಿ, ಕಾಲಿನ ಚಿಪ್ಪಿನಡಿ ರಕ್ತ ಹೆಪ್ಪುಗಟ್ಟಿ ಕೋಳಿಗಳು ರಾಶಿರಾಶಿ ಸಾಯುತ್ತಿದ್ದರೆ ಹಕ್ಕಿ ಜ್ವರದ ಅನುಮಾನ. ಉಗ್ರ ಕೊಕ್ಕರೆ ರೋಗವೂ ಹೊರನೋಟಕ್ಕೆ ಹಾಗೇ ಇರಬಹುದು, ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು. ಆಗ ಶೆಡ್ಡಿನ ಹಿಂದೆ ಕೊಯ್ಯುವುದು ಮನುಷ್ಯರಿಗೂ ಅಪಾಯ, ಊರಿಗೂ ಅಪಾಯ. ಮಾದರಿ ಪಶುಪಾಲನಾ ಇಲಾಖೆಯ ಮೂಲಕ ಭೋಪಾಲದ ಅತಿ ಸುರಕ್ಷತೆಯ ಪ್ರಯೋಗಾಲಯಕ್ಕೆ ಹೋಗಬೇಕು. ದೇಶದಲ್ಲಿ ಮೊದಲು ಎಚ್5ಎನ್1 ಕಂಡದ್ದು 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. 2012ರ ಅಕ್ಟೋಬರಿನಲ್ಲಿ ಅದು ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ, ಅದೂ ಕೋಳಿ ಸಾಕಣೆ ಕಲಿಸುವ ಕೇಂದ್ರ ಸಂಸ್ಥೆಯ ಟರ್ಕಿಗಳಲ್ಲಿ ಕಾಣಿಸಿಕೊಂಡಿತು. ಸಾವಿರಾರು ಹಕ್ಕಿಗಳನ್ನು ಕೊಂದು ಹೂಳಬೇಕಾಯಿತು.

ಕೊಯ್ಯಲು ಕೋಳಿಯೇ ಸಿಗದ ರೋಗವೂ ಒಂದಿದೆ. ಮೊಟ್ಟೆ ಫಾರಂನಲ್ಲಿ ಕೋಳಿಗಳು ಮೇವು ತಿನ್ನುತ್ತಿವೆ, ನೀರು ಕುಡಿಯುತ್ತಿವೆ, ಒಂದೂ ಸತ್ತಿಲ್ಲ. ಮೊಟ್ಟೆ ಮಾತ್ರ ಇಳಿಯುತ್ತಿದೆ. ಇಂಥಲ್ಲಿ ಮೊದಲು ನೋಡಬೇಕಾದದ್ದು ಲೈಟಿನ ಟೈಮರ್, ಆಮೇಲೆ ನೀರು, ಸುಣ್ಣದಂಶ, ಸೆಕೆ. ಎಲ್ಲ ಸರಿಯಿದ್ದೂ ಕಂದು ಮೊಟ್ಟೆಯ ಬಣ್ಣ ಮೊದಲು ಮಾಸಿ, ಆಮೇಲೆ ಚಿಪ್ಪು ತೆಳುವಾಗಿ, ಕೊನೆಗೆ ಚಿಪ್ಪಿಲ್ಲದ ತೊಗಲು ಮೊಟ್ಟೆಗಳು ಬರತೊಡಗಿದ್ದನ್ನು 1976ರಲ್ಲಿ ನೆದರ್ಲೆಂಡ್ಸ್‌ನವರು ವರದಿ ಮಾಡಿದರು. ಹುಡುಕಿದಾಗ ಸಿಕ್ಕಿದ ಅಡಿನೋವೈರಸ್ ಕೋಳಿಯದ್ದಾಗಿರಲಿಲ್ಲ. ಬಾತುಗಳಲ್ಲಿ ಅದರ ಪ್ರತಿಕಾಯ ಸರ್ವೇಸಾಮಾನ್ಯ, ಬಾತಿನ ಕೋಶಗಳಲ್ಲಿ ಅದು ಸೊಗಸಾಗಿ ಬೆಳೆಯುತ್ತಿತ್ತು. ಬಾತಿನ ಭ್ರೂಣದ ಕೋಶಗಳಲ್ಲಿ ತಯಾರಿಸಿದ ಲಸಿಕೆಯ ಜತೆ ಅದು ಕೋಳಿಗೆ ದಾಟಿರಬೇಕೆಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಬಂದು, ಆ ಮರಿ ಬೆಳೆದು ಮೊಟ್ಟೆಯಿಡುವ ವಯಸ್ಸಿಗೆ ಬರುವವರೆಗೆ ಸುಮ್ಮನಿದ್ದು, ಆಗ ಎದ್ದೇಳುತ್ತಿತ್ತು. ಆದ್ದರಿಂದಲೇ ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂಲ ತಳಿ ಹಿಂಡುಗಳಿಂದ ಅದನ್ನು ಕಿತ್ತು ಹಾಕಿದ್ದಾಯಿತು, ಕೊಂದ ವೈರಸ್ಸಿನ ಲಸಿಕೆಯೂ ಬಂತು. ಈಗ ಅದು ಒಂದು ಫಾರಂನಿಂದ ಇನ್ನೊಂದಕ್ಕೆ ಹೋಗುವುದು ಮುಖ್ಯವಾಗಿ ಮೊಟ್ಟೆ ಟ್ರೇಗಳ ಮೇಲೆ. ಮೊಟ್ಟೆ ತುಂಬಿಕೊಂಡು ಹೋದ ಲಾರಿ ವಾಪಸು ತರುವ ಟ್ರೇ ಯಾವ ಫಾರಂನದು, ತೊಳೆದಿದೆಯೇ ಎಂದು ಕೇಳುವ ಮಾಲೀಕರು ಎಷ್ಟು ಮಂದಿ ಇದ್ದಾರೋ, ಲಾರಿ ಡ್ರೈವರುಗಳನ್ನೇ ಕೇಳಬೇಕು.